ಜಪಾನಿನ ಮಳೆಗಾಲದಲ್ಲಿ ಸೈಕಲ್: ಕೊಡೆ ಏಕೆ ಬೇಡ, ರಸ್ತೆ ಎಲ್ಲಿ ಜಾರುತ್ತದೆ

2026ರ ಏಪ್ರಿಲ್ 1ರಿಂದ ಜಪಾನಿನಲ್ಲಿ ಸೈಕಲ್ ಸವಾರರಿಗೂ ಸ್ಥಳದಲ್ಲೇ ದಂಡದ ಚೀಟಿ ಕೊಡುವ ವ್ಯವಸ್ಥೆ ಜಾರಿಗೆ ಬಂದಿದೆ. ಅದರ ಬೆನ್ನಿಗೇ, ಜೂನ್ ತಿಂಗಳಲ್ಲಿ, ಟೋಕಿಯೊದಂಥ ಊರುಗಳಲ್ಲಿ ಮಳೆಗಾಲ ಕಾಲಿಡುತ್ತದೆ. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಬಿಚ್ಚಿದ ಕೊಡೆ ಹಿಡಿದು ಸ್ಟೇಷನ್ನಿನತ್ತ ಹೋಗುವ ಸವಾರರು ಅಲ್ಲಿ ಬಹುಕಾಲದಿಂದ ಕಾಣಸಿಗುವವರೇ. ಅದು ಮೊದಲಿನಿಂದಲೂ ನಿಷಿದ್ಧವಾಗಿತ್ತು, ಈಗ ಅದಕ್ಕೆ 5,000 ಯೆನ್ ದಂಡ ನಿಗದಿಯಾಗಿದೆ. ಕೆಲಸಕ್ಕೆಂದು ಜಪಾನಿಗೆ ಹೋಗಿ ಟೋಕಿಯೊದ ಎದೊಗಾವಾ ವಾರ್ಡಿನ ನಿಶಿಕಾಸಾಯಿಯಂಥ, ಭಾರತೀಯರು ಹೆಚ್ಚಾಗಿ ನೆಲೆಸಿರುವ ಬಡಾವಣೆಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಿಗೂ ಸೈಕಲ್ ದಿನನಿತ್ಯದ ವಾಹನವಾಗಿರುವುದರಿಂದ, ಈ ನಿಯಮ ಏನು ಹೇಳುತ್ತದೆ ಎಂಬುದರ ಜೊತೆಗೆ ಅದು ಏಕೆ ಹಾಗೆ ಹೇಳುತ್ತದೆ ಎಂಬುದನ್ನೂ ತಿಳಿದುಕೊಳ್ಳುವುದು ಒಳ್ಳೆಯದು. ಕಾರಣ ತಿಳಿದವರು ಪೊಲೀಸರು ಕಾಣದ ಓಣಿಯಲ್ಲೂ ಕೊಡೆ ಬಿಚ್ಚುವುದಿಲ್ಲ.

ತ್ಸುಯು ಎಂಬ ಮಳೆ

ಜಪಾನಿನ ಈ ಮಳೆಗಾಲಕ್ಕೆ ತ್ಸುಯು ಎಂದು ಹೆಸರು. ಅದನ್ನು ಬರೆಯುವ ಎರಡು ಅಕ್ಷರಗಳ ಅರ್ಥ ‘ಪ್ಲಮ್ ಮಳೆ’. ಉಮೆ ಎಂಬ ಹುಳಿ ಹಣ್ಣು ಮಾಗುವ ಹೊತ್ತಿಗೆ ಬರುವ ಮಳೆಯಾದ್ದರಿಂದ ಈ ಹೆಸರು ಬಂದಿದೆ ಎಂಬುದು ಸಾಮಾನ್ಯವಾದ ವಿವರಣೆ. ಉತ್ತರದ ಒಖೋಟ್ಸ್ಕ್ ಸಮುದ್ರದ ಕಡೆಯಿಂದ ಬರುವ ತಂಪಾದ ಗಾಳಿಯೂ ದಕ್ಷಿಣದ ಪೆಸಿಫಿಕ್ ಸಾಗರದ ಕಡೆಯಿಂದ ಬರುವ ಬೆಚ್ಚಗಿನ ತೇವದ ಗಾಳಿಯೂ ಜಪಾನಿನ ಮೇಲೆ ಎದುರುಬದುರಾಗಿ ನಿಲ್ಲುತ್ತವೆ. ಎರಡರ ಬಲವೂ ಹೆಚ್ಚುಕಡಿಮೆ ಸಮವಾಗಿರುವಷ್ಟು ದಿನ ಅವುಗಳ ನಡುವಿನ ಗಡಿಯಲ್ಲಿ ಮೋಡ ಕಟ್ಟುತ್ತದೆ, ಮಳೆ ಸುರಿಯುತ್ತದೆ. ಹಗ್ಗಜಗ್ಗಾಟದಲ್ಲಿ ಹಗ್ಗ ಅತ್ತಿತ್ತ ಸರಿಯುತ್ತ ನಡುವೆಯೇ ನಿಂತಂತೆ ಈ ಗಡಿಯೂ ವಾರಗಟ್ಟಲೆ ಅಲ್ಲೇ ಓಲಾಡುತ್ತದೆ. ಕೊನೆಗೆ ದಕ್ಷಿಣದ ಬೆಚ್ಚನೆಯ ಗಾಳಿ ಗೆದ್ದು ಗಡಿಯನ್ನು ಉತ್ತರಕ್ಕೆ ತಳ್ಳಿದಾಗ ಮಳೆಗಾಲ ಮುಗಿದು ಬಿರುಬೇಸಿಗೆ ಶುರುವಾಗುತ್ತದೆ.

ಓಕಿನಾವಾದಲ್ಲಿ ತ್ಸುಯು ಮೇ ತಿಂಗಳಲ್ಲೇ ಆರಂಭವಾಗುತ್ತದೆ. ಉತ್ತರ ತುದಿಯ ಹೊಕ್ಕೈಡೊಗೆ ಅಧಿಕೃತವಾಗಿ ತ್ಸುಯು ಇಲ್ಲವೇ ಇಲ್ಲ. ಟೋಕಿಯೊ ಇರುವ ಕಾಂತೊ ಪ್ರದೇಶದಲ್ಲಿ ಸರಾಸರಿ ಲೆಕ್ಕದಂತೆ ಅದು ಜೂನ್ 7ರ ಸುಮಾರಿಗೆ ಆರಂಭವಾಗಿ ಜುಲೈ 19ರ ಸುಮಾರಿಗೆ ಮುಗಿಯುತ್ತದೆ. ನಮ್ಮ ಪಂಚಾಂಗದ ಮೃಗಶಿರಾ, ಆರಿದ್ರಾ, ಪುನರ್ವಸು ಮಳೆಗಳ ಅವಧಿಯೂ ಹೆಚ್ಚುಕಡಿಮೆ ಇದೇ. ಮಳೆ ನಕ್ಷತ್ರಗಳನ್ನು ನಾವು ಸೂರ್ಯನ ಸ್ಥಾನದಿಂದ ಎಣಿಸುವಂತೆ ಜಪಾನಿನ ಪಂಚಾಂಗದಲ್ಲೂ ಸೂರ್ಯನ ಸ್ಥಾನವನ್ನು ಹಿಡಿದು ಜೂನ್ 11ರ ಸುಮಾರಿಗೆ ‘ನ್ಯೂಬಾಯ್’ ಎಂಬ ಮಳೆಗಾಲದ ಪ್ರವೇಶದಿನವನ್ನು ಗುರುತಿಸುವ ಪದ್ಧತಿ ಇದೆ.

ಸವಾರನಿಗೆ ಮುಖ್ಯವಾದದ್ದು ಈ ಮಳೆಯ ಗುಣ. ಟೋಕಿಯೊದಲ್ಲಿ ಇಡೀ ಜೂನ್ ತಿಂಗಳಲ್ಲಿ ಬೀಳುವ ಮಳೆಯ ಸರಾಸರಿ ಸುಮಾರು 168 ಮಿಲಿಮೀಟರ್. ಆಗುಂಬೆಯ ಮಳೆ ಕಂಡವರಿಗೆ ಇದು ಏನೂ ಅಲ್ಲ ಎನ್ನಿಸಬಹುದು. ಟೋಕಿಯೊದಲ್ಲೇ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಇದಕ್ಕಿಂತ ಹೆಚ್ಚು ಮಳೆಯಾಗುತ್ತದೆ. ಆದರೆ ತ್ಸುಯು ಬಹುಮಟ್ಟಿಗೆ ಸೋನೆ ಮಳೆ: ಬೆಳಿಗ್ಗೆ ಜಿನುಗುತ್ತದೆ, ಮಧ್ಯಾಹ್ನ ನಿಲ್ಲುತ್ತದೆ, ಸಂಜೆ ಮತ್ತೆ ಹನಿಯುತ್ತದೆ. ಹೊರಡುವುದನ್ನೇ ಬಿಡುವಷ್ಟು ಜೋರಿಲ್ಲ, ರಸ್ತೆ ಒಣಗುವಷ್ಟು ಬಿಡುವೂ ಇಲ್ಲ. ಮನೆಯಿಂದ ಸೈಕಲ್ ಹೊರಗೆ ತೆಗೆಯುವ ಮನಸ್ಸು ಬರುವುದು, ‘ಕೊಡೆ ಹಿಡಿದರೆ ಸಾಕು’ ಎನ್ನಿಸುವುದು ಇಂಥ ಮಳೆಯಲ್ಲೇ.

ಮಾಮಾಚಾರಿ

ಜಪಾನಿನ ಊರುಗಳಲ್ಲಿ ಹೆಚ್ಚಾಗಿ ಕಾಣುವ ಸೈಕಲ್ಲಿಗೆ ಮಾಮಾಚಾರಿ ಎಂಬ ಆಡುಹೆಸರಿದೆ. ‘ಮಾಮಾ’ ಎಂದರೆ ಅಮ್ಮ, ‘ಚಾರಿ’ ಎಂಬುದು ಸೈಕಲ್ಲಿಗಿರುವ ಸಲುಗೆಯ ಹೆಸರು. ಕಾಲೆತ್ತದೆ ಹತ್ತಿಳಿಯಲು ಬರುವಂತೆ ತಗ್ಗಿಸಿದ ಚೌಕಟ್ಟು, ಮುಂದೆ ಬುಟ್ಟಿ, ಎರಡೂ ಚಕ್ರಗಳಿಗೆ ಉದ್ದನೆಯ ಮಡ್‌ಗಾರ್ಡ್, ಹಲವುದರಲ್ಲಿ ಪೂರ್ತಿ ಮುಚ್ಚಿದ ಚೈನ್ ಕವರ್. ಮಳೆಗಾಲಕ್ಕೆ ಈ ರಚನೆ ಬಹಳ ಅನುಕೂಲ. ಮಡ್‌ಗಾರ್ಡ್ ಇಲ್ಲದ ಕ್ರೀಡಾ ಸೈಕಲ್ಲಿನ ಹಿಂಚಕ್ರವು ರಸ್ತೆಯ ಕೆಸರುನೀರನ್ನು ಸವಾರನ ಬೆನ್ನಿನುದ್ದಕ್ಕೂ ಗೆರೆ ಎಳೆದಂತೆ ಎರಚುತ್ತದೆ. ನೆಟ್ಟಗೆ ಕೂತು ಓಡಿಸುವ ಭಂಗಿಯಿಂದ ದೂರದವರೆಗೆ ಕಣ್ಣು ಹಾಯುತ್ತದೆ. ಇದೇ ನೆಟ್ಟನೆಯ ಭಂಗಿ ಒಂದು ಕೈ ಬಿಟ್ಟು ಓಡಿಸಲೂ ಸಲೀಸು ಎಂಬ ಭಾವನೆ ಹುಟ್ಟಿಸುತ್ತದೆ.

ನೀಲಿ ಚೀಟಿ

ಜಪಾನಿನ ರಸ್ತೆ ಸಂಚಾರ ಕಾನೂನಿನ ಪ್ರಕಾರ ಸೈಕಲ್ ಒಂದು ವಾಹನ, ‘ಹಗುರ ವಾಹನ’ ಎಂಬ ವರ್ಗಕ್ಕೆ ಸೇರಿದ್ದು. ಅದು ವಾಹನಗಳ ರಸ್ತೆಯಲ್ಲಿ ಎಡಬದಿಗೆ ಹೋಗಬೇಕು. ಪಾದಚಾರಿ ಮಾರ್ಗದಲ್ಲಿ ಹೋಗಲು ಅವಕಾಶವಿರುವುದು ಅನುಮತಿಯ ಫಲಕವಿರುವಲ್ಲಿ, 13 ವರ್ಷದೊಳಗಿನ ಮಕ್ಕಳಿಗೆ, 70 ವರ್ಷ ತುಂಬಿದವರಿಗೆ, ಅಂಗವೈಕಲ್ಯವುಳ್ಳವರಿಗೆ, ಅಥವಾ ರಸ್ತೆಯಲ್ಲಿ ಹೋಗುವುದು ನಿಜಕ್ಕೂ ಅಪಾಯಕರವಾದಾಗ ಮಾತ್ರ.

ಹಿಂದೆ ಸೈಕಲ್ಲಿನ ತಪ್ಪುಗಳಿಗೆ ಪೊಲೀಸರ ಮುಂದೆ ಎರಡೇ ದಾರಿಗಳಿದ್ದವು: ಬಾಯಿಮಾತಿನ ಅಥವಾ ಲಿಖಿತ ಎಚ್ಚರಿಕೆ, ಇಲ್ಲವೇ ಕ್ರಿಮಿನಲ್ ಮೊಕದ್ದಮೆ. ನಡುವಿನ ದಾರಿ ಇರಲಿಲ್ಲ. ಮೋಟಾರು ವಾಹನಗಳಿಗಿದ್ದ ‘ಆಓಕಿಪ್ಪು’, ಅಂದರೆ ನೀಲಿ ಚೀಟಿಯ ಪದ್ಧತಿಯನ್ನು 16 ವರ್ಷ ತುಂಬಿದ ಸೈಕಲ್ ಸವಾರರಿಗೂ ವಿಸ್ತರಿಸಿದ್ದು 2024ರ ಕಾನೂನು ತಿದ್ದುಪಡಿ. ಅದೇ 2026ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಚೀಟಿಯಲ್ಲಿನ ಮೊತ್ತವನ್ನು ಗಡುವಿನೊಳಗೆ ಕಟ್ಟಿದರೆ ವಿಷಯ ಅಲ್ಲಿಗೇ ಮುಗಿಯುತ್ತದೆ, ಮೊಕದ್ದಮೆ ಹೂಡುವುದಿಲ್ಲ. ಕುಡಿದು ಸೈಕಲ್ ಓಡಿಸುವಂಥ ಗಂಭೀರ ಅಪರಾಧಗಳಿಗೆ ಈ ಸೌಲಭ್ಯವಿಲ್ಲ.

ಮಳೆಗಾಲಕ್ಕೆ ಸಂಬಂಧಿಸಿದ ಮೊತ್ತಗಳು ಹೀಗಿವೆ. ಕೊಡೆ ಹಿಡಿದು ಓಡಿಸಿದರೆ 5,000 ಯೆನ್, ಕತ್ತಲಲ್ಲಿ ದೀಪವಿಲ್ಲದೆ ಹೋದರೆ 5,000 ಯೆನ್, ಬ್ರೇಕ್ ಸರಿಯಿಲ್ಲದ ಸೈಕಲ್ ಓಡಿಸಿದರೂ 5,000 ಯೆನ್. ಮಳೆಯ ನಕ್ಷೆ ನೋಡಲೆಂದು ಓಡಿಸುತ್ತಲೇ ಫೋನ್ ಕೈಗೆತ್ತಿಕೊಂಡರೆ 12,000 ಯೆನ್. ಎಲ್ಲ ತಪ್ಪಿಗೂ ಎದುರು ಸಿಕ್ಕ ಕೂಡಲೇ ಚೀಟಿ ಹರಿದು ಕೊಡುತ್ತಾರೆಂದಲ್ಲ. ಮೊದಲು ಎಚ್ಚರಿಸುವುದು, ಅಪಾಯ ತಂದೊಡ್ಡುವ ನಡವಳಿಕೆಗೆ ಚೀಟಿ ಕೊಡುವುದು ಪೊಲೀಸರು ಪ್ರಕಟಿಸಿರುವ ಸಾಮಾನ್ಯ ನೀತಿ.

ಕೊಡೆಯನ್ನು ಹ್ಯಾಂಡಲ್ಲಿಗೆ ಬಿಗಿಯುವ ಹಿಡಿಕೆಗಳು ಓಸಾಕಾ ಕಡೆ ಬಹಳ ಜನಪ್ರಿಯವಾಗಿದ್ದವು. ಕೈ ಖಾಲಿಯಾಯಿತಲ್ಲ, ತಪ್ಪೇನು ಎಂದು ಕೇಳುವವರಿದ್ದಾರೆ. ರಸ್ತೆಯ ಇಂಥ ಸೂಕ್ಷ್ಮ ನಿಯಮಗಳನ್ನು ಮಾಡುವುದು ಆಯಾ ಪ್ರಾಂತ್ಯದ ಸಾರ್ವಜನಿಕ ಸುರಕ್ಷತಾ ಆಯೋಗವಾದ್ದರಿಂದ ಉತ್ತರ ಊರಿನಿಂದ ಊರಿಗೆ ಬದಲಾಗುತ್ತದೆ. ಆದರೆ ಸೈಕಲ್ಲಿನ ಮೇಲೆ ಹೇರುವ ವಸ್ತುವಿನ ಅಗಲ ಮತ್ತು ಎತ್ತರಕ್ಕೂ ಮಿತಿಯಿದ್ದು, ಬಿಚ್ಚಿದ ಮಾಮೂಲಿ ಕೊಡೆ ಆ ಮಿತಿಯನ್ನು ಮೀರುವುದೇ ಹೆಚ್ಚು. ಹಿಡಿಕೆ ಇದ್ದರೂ ಕೊಡೆ ಬೇಡವೆಂದುಕೊಳ್ಳುವುದೇ ಲೇಸು.

ಕೊಡೆ ಹಿಡಿದಾಗ ನಡೆಯುವುದೇನು

ಜಪಾನಿನ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಬಲಗೈಯ ಹಿಡಿ ಮುಂದಿನ ಬ್ರೇಕಿಗೆ, ಎಡಗೈಯ ಹಿಡಿ ಹಿಂದಿನ ಬ್ರೇಕಿಗೆ. ಬಲಗೈಯಲ್ಲಿ ಕೊಡೆ ಹಿಡಿದವರಿಗೆ ಉಳಿಯುವುದು ಹಿಂದಿನ ಬ್ರೇಕ್ ಮಾತ್ರ. ಬ್ರೇಕ್ ಒತ್ತಿದಾಗ ಸವಾರನ ಭಾರ ಮುಂದಕ್ಕೆ ಸರಿದು ಹಿಂಚಕ್ರ ಹಗುರವಾಗುತ್ತದೆ, ಒದ್ದೆ ರಸ್ತೆಯಲ್ಲಿ ಹಗುರವಾದ ಚಕ್ರ ನಿಲ್ಲುವ ಬದಲು ಜಾರುತ್ತದೆ. ಎಡಗೈಯಲ್ಲಿ ಕೊಡೆ ಹಿಡಿದರೆ ಉಳಿಯುವುದು ಮುಂದಿನ ಬ್ರೇಕ್. ಒಂದೇ ಕೈಯಿಂದ ಅದನ್ನು ಗಟ್ಟಿಯಾಗಿ ಅದುಮಿದಾಗ ಮೈಭಾರವೆಲ್ಲ ಆ ಒಂದು ತೋಳಿನ ಮೇಲೆ ಬಂದು ಹ್ಯಾಂಡಲ್ ಪಕ್ಕಕ್ಕೆ ತಿರುಗುತ್ತದೆ. ಹೀಗೆ ಯಾವ ಕೈಯಲ್ಲಿ ಕೊಡೆ ಹಿಡಿದರೂ ನಷ್ಟ ಅರ್ಧ ಬ್ರೇಕಿಗೆ ನಿಲ್ಲುವುದಿಲ್ಲ, ಅದಕ್ಕಿಂತ ಹೆಚ್ಚೇ ಆಗುತ್ತದೆ.

ಇದರ ಮೇಲೆ ಗಾಳಿ. ಒಂದು ಮೀಟರ್ ಅಗಲದ ಕೊಡೆಯನ್ನು ಮುಂದಕ್ಕೆ ಬಾಗಿಸಿ ಹಿಡಿದು, ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ, ಸೆಕೆಂಡಿಗೆ 5 ಮೀಟರ್ ಬೀಸುವ ಎದುರುಗಾಳಿಯಲ್ಲಿ ಹೋಗುವಾಗ ಕೊಡೆಯ ಮೇಲೆ ಬೀಳುವ ಒತ್ತಡ ಲೆಕ್ಕ ಹಾಕಿದರೆ ಎರಡು ಕಿಲೋಗಿಂತ ಹೆಚ್ಚು ಬರುತ್ತದೆ. ಎರಡು ಕಿಲೋ ಅಕ್ಕಿಯ ಚೀಲವನ್ನು ಚಾಚಿದ ಕೈಗೆ ಕಟ್ಟಿ ಯಾರೋ ಹಿಂದಕ್ಕೆ ಜಗ್ಗಿದಂತೆ. ಆ ಜಗ್ಗುವಿಕೆ ಒಂದೇ ಸಮನಾಗಿದ್ದಿದ್ದರೆ ಹೇಗೋ ಸಂಭಾಳಿಸಬಹುದಿತ್ತು. ಎತ್ತರದ ಕಟ್ಟಡಗಳ ನಡುವಿನಿಂದ ಗಾಳಿ ತಟ್ಟನೆ ಬೀಸಿ ತಟ್ಟನೆ ನಿಲ್ಲುತ್ತದೆ, ಅದರೊಡನೆ ಒಂಟಿ ಕೈಯಲ್ಲಿರುವ ಹ್ಯಾಂಡಲ್ಲೂ ಓಲಾಡುತ್ತದೆ. ಮುಂದಕ್ಕೆ ಬಾಗಿಸಿದ ಕೊಡೆ ಎದುರಿನ ರಸ್ತೆಯನ್ನೇ ಮರೆಮಾಡುತ್ತದೆ. ಪಾದಚಾರಿ ಮಾರ್ಗದಲ್ಲಾದರೆ ಕೊಡೆಯ ಕಡ್ಡಿಗಳ ತುದಿ ಇರುವ ಎತ್ತರ ನಡೆದುಹೋಗುವವರ ಮುಖದ ಎತ್ತರವೇ. ನಡೆಯುವವರೂ ಕೊಡೆಯಡಿ ತಲೆ ತಗ್ಗಿಸಿಕೊಂಡು ಬರುತ್ತಾರೆ. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ಕಾಣದೆ ಎದುರಾಗುತ್ತಾರೆ.

ಕೊಡೆಯ ಬದಲಿಗೆ

ಗದ್ದೆಯಲ್ಲಿ ನಾಟಿ ಮಾಡುವವರು ಮಲೆನಾಡಿನಲ್ಲಿ ಗೊರಬು ಹೊದ್ದರು, ಇತರ ಕಡೆ ಕಂಬಳಿಯ ಕೊಪ್ಪೆ ಹಾಕಿದರು. ಎರಡೂ ಕೈಗೆ ಕೆಲಸವಿರುವವರಿಗೆ ಮಳೆಯ ರಕ್ಷಣೆ ಮೈಮೇಲೇ ಇರಬೇಕು, ಕೈಯಲ್ಲಿ ಅಲ್ಲ. ಜಪಾನಿನ ರೈತರು ಇದೇ ಕಾರಣಕ್ಕೆ ಹುಲ್ಲಿನ ‘ಮಿನೊ’ ಹೊದೆಯುತ್ತಿದ್ದರು. ಇಂದಿನ ಮಳೆಯಂಗಿಗೆ ಅಲ್ಲಿ ‘ಕಪ್ಪಾ’ ಎನ್ನುತ್ತಾರೆ. ಅದು ಹದಿನಾರನೆಯ ಶತಮಾನದಲ್ಲಿ ಬಂದ ಪೋರ್ಚುಗೀಸರಿಂದ ಜಪಾನಿ ಭಾಷೆಗೆ ಸೇರಿದ ಪದ.

ಸೈಕಲ್ಲಿಗೆಂದೇ ಮಾರುವ ಮಳೆಯಂಗಿಗಳಲ್ಲಿ ಎರಡು ಬಗೆ ಮುಖ್ಯ. ಅಂಗಿ ಮತ್ತು ಪ್ಯಾಂಟು ಬೇರೆಬೇರೆಯಾಗಿರುವುದು ಒಂದು. ಇಡೀ ಮೈಯನ್ನೂ ಮುಂದಿನ ಬುಟ್ಟಿಯನ್ನೂ ಮುಚ್ಚುವಂತೆ ಹರಡಿಕೊಳ್ಳುವ ಪಾಂಚೊ ಇನ್ನೊಂದು. ಪಾಂಚೊ ತೊಡಲು ಸುಲಭ, ಒಳಗೆ ಗಾಳಿಯೂ ಆಡುತ್ತದೆ. ಆದರೆ ಅಂಚು ಹಾರಿ ಚಕ್ರಕ್ಕೆ ಸಿಕ್ಕಿಕೊಳ್ಳದಂತೆ ಹೆಬ್ಬೆರಳಿಗೋ ಮಣಿಕಟ್ಟಿಗೋ ಹಾಕುವ ಪಟ್ಟಿ ಅದರಲ್ಲಿರಬೇಕು. ಜೋರು ಗಾಳಿಯ ದಿನ ಪಾಂಚೊ ಕೂಡ ಹಾಯಿಯಂತೆ ಉಬ್ಬುತ್ತದೆ, ಅಂದು ಅಂಗಿ-ಪ್ಯಾಂಟೇ ವಾಸಿ. ತಲೆಯ ಟೋಪಿ ಕತ್ತು ತಿರುಗಿಸಿದಾಗ ಜೊತೆಗೆ ತಿರುಗದೆ ಪಕ್ಕದ ನೋಟ ಮುಚ್ಚುತ್ತದೆ, ಆದ್ದರಿಂದ ಬದಿಗೆ ಪಾರದರ್ಶಕ ಹಾಳೆ ಹೊಲಿದ ಟೋಪಿಯನ್ನೇ ಆರಿಸಬೇಕು. 2023ರ ಏಪ್ರಿಲ್‌ನಿಂದ ಎಲ್ಲ ವಯಸ್ಸಿನವರೂ ಹೆಲ್ಮೆಟ್ ಧರಿಸಲು ಪ್ರಯತ್ನಿಸಬೇಕೆಂದು ಕಾನೂನು ಹೇಳುತ್ತದೆ, ಧರಿಸದಿದ್ದರೆ ದಂಡವಿಲ್ಲ. ಹೆಲ್ಮೆಟ್ಟಿನ ಮೇಲೆ ಹಿಡಿಸುವಷ್ಟು ದೊಡ್ಡ ಟೋಪಿಯ ಮಳೆಯಂಗಿಗಳೂ ಸಿಗುತ್ತವೆ.

ಅಂಗಡಿಯ ಚೀಟಿಯಲ್ಲಿ ‘ತಾಯ್‌ಸುಯಿಆತ್ಸು 10,000 ಮಿಮೀ’ ಎಂದು ಬರೆದಿರುತ್ತದೆ. ಬಟ್ಟೆಯ ಮೇಲೆ ಎಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಅದು ಒಳಗೆ ಜಿನುಗುವುದಿಲ್ಲ ಎಂಬುದರ ಅಳತೆ ಅದು. ಮೇಲಿನಿಂದ ಬೀಳುವ ಹನಿಗೆ ಅಷ್ಟು ಬಲವಿಲ್ಲ. ಆದರೆ ಒದ್ದೆ ಸೀಟಿನ ಮೇಲೆ ಮೈಭಾರ ಹಾಕಿ ಕೂತಾಗ ಅಲ್ಲಿನ ನೀರು ಬಟ್ಟೆಯೊಳಕ್ಕೆ ಒತ್ತಲ್ಪಡುತ್ತದೆ, ಅಗ್ಗದ ಪ್ಯಾಂಟು ಮೊದಲು ಸೋರುವುದು ಅಲ್ಲೇ. ಇನ್ನೊಂದು ಅಂಕಿ ಒಳಗಿನ ಬೆವರಿನ ಆವಿಯನ್ನು ಬಟ್ಟೆ ದಿನಕ್ಕೆ ಎಷ್ಟು ಗ್ರಾಂ ಹೊರಬಿಡುತ್ತದೆ ಎಂದು ತಿಳಿಸುತ್ತದೆ. ಜುಲೈ ತಿಂಗಳ ಸೆಕೆಯಲ್ಲಿ ಪ್ಲಾಸ್ಟಿಕ್ ಅಂಗಿಯೊಳಗೆ ಮಳೆಗಿಂತ ಬೆವರಿನಿಂದಲೇ ಒದ್ದೆಯಾಗುವ ಸಂಭವ ಹೆಚ್ಚಾದ್ದರಿಂದ ಈ ಎರಡನೆಯ ಅಂಕಿಯನ್ನು ಕಡೆಗಣಿಸಬಾರದು.

ಟೈರಿನ ಕೆಳಗೆ

ಸಾಮಾನ್ಯ ಗಾಳಿ ತುಂಬಿದ ಟೈರು ನೆಲಕ್ಕೆ ತಾಗುವ ಜಾಗ ಬೆಂಕಿಪೊಟ್ಟಣದ ಮುಖದಷ್ಟು. ಅಂಥ ಎರಡು ತುಣುಕು ಜಾಗದ ಹಿಡಿತದ ಮೇಲೆ ಸವಾರ, ಸೈಕಲ್, ಬುಟ್ಟಿಯ ತರಕಾರಿ ಎಲ್ಲವೂ ನಿಂತಿದೆ. ಡಾಂಬರಿನ ಮೇಲ್ಮೈ ಒರಟು. ಅದರ ಸಣ್ಣ ಸಣ್ಣ ಮೊನೆಗಳು ನೀರಿನ ಪೊರೆಯನ್ನು ಚುಚ್ಚಿ ರಬ್ಬರನ್ನು ಹಿಡಿಯುತ್ತವೆ. ಹಾಗಾಗಿ ಒದ್ದೆ ಡಾಂಬರಿನಲ್ಲಿ ಹಿಡಿತ ಕಡಿಮೆಯಾದರೂ ಪೂರ್ತಿ ಹೋಗುವುದಿಲ್ಲ. ನುಣುಪಾದ ಮೇಲ್ಮೈಗೆ ಇಂಥ ಮೊನೆಗಳಿಲ್ಲ, ನೀರು ಅಲ್ಲಿ ಎಣ್ಣೆಯಂತೆ ನಡುವೆ ಉಳಿಯುತ್ತದೆ. ಬಚ್ಚಲಿನ ನುಣ್ಣನೆಯ ಟೈಲ್ಸಿಗೂ ಅಂಗಳದ ಒರಟು ಕಲ್ಲಿಗೂ ಇರುವ ವ್ಯತ್ಯಾಸವೇ ಇಲ್ಲೂ ಇದೆ.

ಜಪಾನಿನ ರಸ್ತೆಯಲ್ಲಿ ಇಂಥ ನುಣುಪು ಜಾಗಗಳನ್ನು ಗುರುತಿಸಲು ಕಲಿತವರು ಅರ್ಧ ಅಪಾಯವನ್ನು ಗೆದ್ದಂತೆ. ಜೀಬ್ರಾ ಕ್ರಾಸಿಂಗಿನ ದಪ್ಪ ಬಿಳಿ ಬಣ್ಣ ಒಂದು. ಮ್ಯಾನ್‌ಹೋಲ್ ಮುಚ್ಚಳ ಇನ್ನೊಂದು. ಊರೂರಿನ ಹೂವು, ಕೋಟೆ, ಸೇತುವೆಗಳ ಚಿತ್ರ ಕೆತ್ತಿದ ಎರಕದ ಮುಚ್ಚಳಗಳನ್ನು ನೋಡಲೆಂದೇ ಜನ ಪ್ರವಾಸ ಹೋಗುತ್ತಾರೆ, ಆದರೆ ಸವೆದ ಮುಚ್ಚಳ ಮಳೆಯಲ್ಲಿ ಸೈಕಲ್ಲಿಗೆ ಶತ್ರು. ಚರಂಡಿಯ ಮೇಲಿನ ಕಬ್ಬಿಣದ ಜಾಲರಿ, ಸೇತುವೆಯ ಜೋಡಣೆಯ ಉಕ್ಕಿನ ಪಟ್ಟಿ, ರೈಲ್ವೆ ಗೇಟಿನ ಹಳಿ, ಹಿರೊಶಿಮಾದಂಥ ಊರುಗಳಲ್ಲಿ ಟ್ರಾಮಿನ ಹಳಿ ಇವೂ ಇದೇ ಸಾಲಿಗೆ ಸೇರುತ್ತವೆ. ದೃಷ್ಟಿಹೀನರಿಗೆ ದಾರಿ ತೋರುವ ಹಳದಿ ಉಬ್ಬುಹಲಗೆಗಳನ್ನು ಮೊದಲು ಅಳವಡಿಸಿದ್ದು 1967ರಲ್ಲಿ, ಜಪಾನಿನ ಓಕಾಯಾಮಾದಲ್ಲಿ. ಅವು ಅತ್ಯಂತ ಅಗತ್ಯವಾದವು, ಆದರೆ ಒದ್ದೆಯಾದಾಗ ಅವುಗಳ ಮೇಲೂ ಚಕ್ರ ಜಾರುತ್ತದೆ.

ನೇರವಾಗಿ, ಬ್ರೇಕ್ ಒತ್ತದೆ, ಪೆಡಲ್ ಜೋರಾಗಿ ತುಳಿಯದೆ ಹೋದರೆ ಇವುಗಳಲ್ಲಿ ಯಾವುದನ್ನೂ ದಾಟಬಹುದು. ಚಕ್ರ ಜಾರುವುದು ತಿರುವಿನಲ್ಲಿ ಸೈಕಲ್ ವಾಲಿ ಅದರ ಮೇಲೆ ಅಡ್ಡಬಲ, ಅಂದರೆ ಪಕ್ಕಕ್ಕೆ ತಳ್ಳುವ ಬಲ, ಬಿದ್ದಾಗ ಅಥವಾ ಅಲ್ಲೇ ಬ್ರೇಕ್ ಹಾಕಿದಾಗ. ಆದ್ದರಿಂದ ವೇಗ ತಗ್ಗಿಸುವ ಕೆಲಸವನ್ನು ಡಾಂಬರಿನ ಮೇಲಿರುವಾಗಲೇ ಮುಗಿಸಿಕೊಳ್ಳಬೇಕು. ಹಳಿಯನ್ನು ಆದಷ್ಟು ಲಂಬವಾಗಿ ದಾಟಬೇಕು.

ಅಡ್ಡಬಲಕ್ಕೆ ಅತ್ಯುತ್ತಮ ಉದಾಹರಣೆ ಎರಡೇ ಸೆಂಟಿಮೀಟರಿನ ಒಂದು ಮೆಟ್ಟಿಲು. ದಾಟುವ ಜಾಗಗಳಲ್ಲಿ ರಸ್ತೆ ಮತ್ತು ಪಾದಚಾರಿ ಮಾರ್ಗದ ಅಂಚಿನ ನಡುವೆ ಜಪಾನಿನಲ್ಲಿ ಸುಮಾರು 2 ಸೆಂಟಿಮೀಟರ್ ಏರು ಬಿಡುತ್ತಾರೆ. ಊರುಗೋಲಿನಿಂದ ಅಂಚನ್ನು ಗುರುತಿಸಲು ದೃಷ್ಟಿಹೀನರಿಗೆ ಅದು ಬೇಕು. ಸೈಕಲ್ ಸವಾರ ರಸ್ತೆಗೆ ಸಮಾನಾಂತರವಾಗಿ ಹೋಗುತ್ತಲೇ ಓರೆಯಾಗಿ ಅದನ್ನು ಹತ್ತಲು ಹೋದರೆ, ಒದ್ದೆ ಅಂಚನ್ನು ಏರದೆ ಮುಂಚಕ್ರ ಅದರ ಉದ್ದಕ್ಕೇ ಜಾರುತ್ತದೆ ಮತ್ತು ಸವಾರ ರಸ್ತೆಯ ಕಡೆಗೇ ಬೀಳುತ್ತಾನೆ. ಹತ್ತಲೇಬೇಕಾದರೆ ಚಕ್ರವನ್ನು ಅಂಚಿಗೆ ಎದುರಾಗಿ ತಿರುಗಿಸಿಕೊಳ್ಳಬೇಕು, ಸಂದೇಹವಿದ್ದರೆ ಇಳಿದು ತಳ್ಳಬೇಕು. ತಳ್ಳಿಕೊಂಡು ಹೋಗುವವರು ಕಾನೂನಿನ ಕಣ್ಣಿನಲ್ಲಿ ಪಾದಚಾರಿಗಳು. ಆಗ ಕೊಡೆ ಹಿಡಿಯಲೂ ಅಡ್ಡಿಯಿಲ್ಲ.

ಇನ್ನೊಂದು ವಿಷಯ: ಮಳೆ ಶುರುವಾದ ಮೊದಲ ಕೆಲವು ನಿಮಿಷಗಳಲ್ಲಿ ರಸ್ತೆಯ ಧೂಳು ಮತ್ತು ವಾಹನಗಳ ಎಣ್ಣೆ ನೀರಿನೊಂದಿಗೆ ಕಲಸಿ ಜಾರು ಹೆಚ್ಚುತ್ತದೆ. ನಿಂತು ನಿಂತು ಬರುವ ಮಳೆಯಲ್ಲಿ ಈ ಮೊದಲ ನಿಮಿಷಗಳು ಮತ್ತೆ ಮತ್ತೆ ಬರುತ್ತವೆ.

ಬ್ರೇಕು, ದೀಪ

ಮಾಮಾಚಾರಿಯ ಮುಂದಿನ ಬ್ರೇಕ್ ಸಾಮಾನ್ಯವಾಗಿ ರಿಮ್ಮನ್ನು ಎರಡು ಕಡೆಯಿಂದ ರಬ್ಬರಿನಿಂದ ಒತ್ತುವಂಥದ್ದು. ಒದ್ದೆ ರಿಮ್ಮಿನ ಮೇಲೆ ಮೊದಲ ಒತ್ತು ನೀರನ್ನು ಒರೆಸಲಿಕ್ಕೇ ಖರ್ಚಾಗಿ, ಚಕ್ರ ಒಂದೆರಡು ಸುತ್ತು ತಿರುಗಿದ ಮೇಲಷ್ಟೇ ಹಿಡಿತ ಬರುತ್ತದೆ. ಉಕ್ಕಿನ ರಿಮ್ಮಿನಲ್ಲಿ ಈ ತೊಂದರೆ ಅಲ್ಯೂಮಿನಿಯಂ ರಿಮ್ಮಿಗಿಂತ ಹೆಚ್ಚು. ಗಂಟೆಗೆ 15 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ನಾಲ್ಕು ಮೀಟರಿಗಿಂತ ಹೆಚ್ಚು. ಕಣ್ಣು ಕಂಡು ಕೈ ಒತ್ತಲು ಒಂದು ಸೆಕೆಂಡ್, ನೀರು ಒರೆಸಲು ಇನ್ನೊಂದು ಸೆಕೆಂಡ್ ಹಿಡಿದರೆ, ನಿಜವಾದ ಬ್ರೇಕ್ ಶುರುವಾಗುವ ಮೊದಲೇ ಎಂಟು ಮೀಟರ್ ಕಳೆದಿರುತ್ತದೆ. ತಿರುವಿಗೋ ಸಿಗ್ನಲ್ಲಿಗೋ ಬರುವ ಮೊದಲೇ ಬ್ರೇಕನ್ನು ಮೆಲ್ಲಗೆ ಒಮ್ಮೆ ಒತ್ತಿ ರಿಮ್ ಒರೆಸಿಟ್ಟುಕೊಳ್ಳುವುದು ಇದಕ್ಕೆ ಉಪಾಯ.

ಹಳೆಯ ಸೈಕಲ್ಲಿನ ಡೈನಮೊ ಟೈರಿನ ಪಕ್ಕಕ್ಕೆ ಉಜ್ಜಿ ತಿರುಗುತ್ತದೆ. ಟೈರು ಒದ್ದೆಯಾದಾಗ ಅದು ಜಾರಿ, ದೀಪ ಅತ್ಯಗತ್ಯವಾದ ಹೊತ್ತಿನಲ್ಲೇ ಮಂಕಾಗುತ್ತದೆ. ಚಕ್ರದ ನಡುವಿನ ಗುಂಭದೊಳಗೇ (ಹಬ್) ಡೈನಮೊ ಇರುವ ಸೈಕಲ್ಲುಗಳಲ್ಲಿ ಈ ತೊಡಕಿಲ್ಲ.

ಮಕ್ಕಳನ್ನು ಕೂರಿಸಿಕೊಂಡವರು

ಬೆಳಿಗ್ಗೆ ಶಿಶುವಿಹಾರದ ಮುಂದೆ ಸಾಲಾಗಿ ನಿಲ್ಲುವ ಸೈಕಲ್ಲುಗಳಲ್ಲಿ ಮುಂದೊಂದು ಹಿಂದೊಂದು ಮಕ್ಕಳ ಸೀಟಿರುವ, ಬ್ಯಾಟರಿ ನೆರವಿನವು ಬಹಳ. ಇವು ಸುಮಾರು 30 ಕಿಲೋ ತೂಗುತ್ತವೆ. ಗಂಟೆಗೆ 10 ಕಿಲೋಮೀಟರಿಗಿಂತ ಕಡಿಮೆ ವೇಗದಲ್ಲಿ ಮೋಟಾರು ಕಾಲಿನ ಬಲದ ಎರಡರಷ್ಟು ಬಲ ಸೇರಿಸಬಹುದೆಂದು ಜಪಾನಿನ ನಿಯಮ. ಒದ್ದೆ ಮ್ಯಾನ್‌ಹೋಲ್ ಮುಚ್ಚಳದ ಮೇಲೆ ನಿಂತಲ್ಲಿಂದ ಪೆಡಲನ್ನು ಜೋರಾಗಿ ಒತ್ತಿದರೆ ಆ ಬಲವೆಲ್ಲ ಚಕ್ರವನ್ನು ಜಾರಿಸಲು ಹೋಗುತ್ತದೆ, ಹಾಗಾಗಿ ಮೊದಲ ತುಳಿತ ಮೃದುವಾಗಿರಬೇಕು. ಮಕ್ಕಳ ಸೀಟಿಗೆ ಹಾಕುವ ಪಾರದರ್ಶಕ ಮಳೆ ಹೊದಿಕೆ ಚೆನ್ನಾಗಿಯೇ ಕಾಪಾಡುತ್ತದೆ, ಆದರೆ ಪೆಟ್ಟಿಗೆಯಂತಿರುವ ಅದು ಅಡ್ಡಗಾಳಿಯನ್ನೂ ಹಿಡಿಯುತ್ತದೆ. ಮಳೆ ನಿಂತು ಬಿಸಿಲು ಬಂದರೆ ಅದರೊಳಗೆ ಬೇಗನೆ ಸೆಕೆ ಏರುವುದರಿಂದ ಕೂಡಲೇ ತೆರೆಯಬೇಕು.

ಹೊರಡಬಾರದ ಮಳೆ

ಜಪಾನಿನ ಹವಾಮಾನ ಇಲಾಖೆ ಮಳೆಯ ಜೋರನ್ನು ಗಂಟೆಯ ಲೆಕ್ಕದಲ್ಲಿ ಹೆಸರಿಸುತ್ತದೆ. ಗಂಟೆಗೆ 10ರಿಂದ 20 ಮಿಲಿಮೀಟರ್ ಬಂದರೆ ‘ತುಸು ಜೋರು’, ನೆಲದಿಂದ ಚಿಮ್ಮಿದ ನೀರಿನಿಂದಲೇ ಕಾಲು ಒದ್ದೆಯಾಗುತ್ತದೆ. 20ರಿಂದ 30 ಆದರೆ ಕೊಡೆಯಿದ್ದರೂ ನೆನೆಯುವ ಮಳೆ. 30 ದಾಟಿದರೆ ಬಕೆಟ್ ಮಗುಚಿದಂತೆ ಸುರಿದು ರಸ್ತೆ ಹೊಳೆಯಾಗುತ್ತದೆ ಎಂಬುದು ಇಲಾಖೆಯದೇ ವರ್ಣನೆ. ಮುನ್ಸೂಚನೆಯಲ್ಲಿ 20 ಎಂಬ ಅಂಕಿ ಕಂಡ ದಿನ ಸೈಕಲ್ ಬಿಟ್ಟು ಬಸ್ಸಿಗೋ ನಡಿಗೆಗೋ ಮನಸ್ಸು ಮಾಡುವುದು ವಿವೇಕ. ತ್ಸುಯುವಿನ ಕೊನೆಯ ದಿನಗಳಲ್ಲಿ ಇಂಥ ಜೋರು ಮಳೆಯ ಸಾಧ್ಯತೆ ಹೆಚ್ಚು. ನೀರು ನಿಂತ ರಸ್ತೆಯಲ್ಲಿ ಚರಂಡಿಯ ಅಂಚಾಗಲಿ ಮುಚ್ಚಳ ಎದ್ದುಹೋದ ಮ್ಯಾನ್‌ಹೋಲಾಗಲಿ ಕಾಣುವುದಿಲ್ಲ. ರೈಲು ಹಳಿಯ ಕೆಳಗೆ ಇಳಿದು ಏರುವ ಅಂಡರ್‌ಪಾಸುಗಳು ಎಲ್ಲಕ್ಕಿಂತ ಮೊದಲು ತುಂಬುತ್ತವೆ. ಅಲ್ಲಿ ನೀರು ಎಷ್ಟಿದೆ ಎಂದು ಇಳಿದು ನೋಡುವ ಪ್ರಯತ್ನವನ್ನೇ ಮಾಡಬಾರದು.

ಮಳೆಯಿಂದ ಬಂದ ಸೈಕಲ್

ಹಳೆಯ ಬಟ್ಟೆಯಿಂದ ರಿಮ್, ಹ್ಯಾಂಡಲ್ ಮತ್ತು ಚೈನ್ ಒರೆಸಿ, ಚೈನಿಗೆ ಎರಡು ಹನಿ ಎಣ್ಣೆ ಬಿಡುವುದು ಐದು ನಿಮಿಷದ ಕೆಲಸ. ಎಣ್ಣೆ ರಿಮ್ಮಿಗೆ ತಾಗಬಾರದು, ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ. ಸೀಟಿನ ಹೊದಿಕೆ ಹರಿದಿದ್ದರೆ ಒಳಗಿನ ಸ್ಪಂಜು ನೀರು ಕುಡಿದು, ಬಿಸಿಲು ಬಂದ ದಿನವೂ ಕೂತವರ ಬಟ್ಟೆ ಒದ್ದೆ ಮಾಡುತ್ತದೆ. ನೂರು ಯೆನ್ ಅಂಗಡಿಯಲ್ಲಿ ಸಿಗುವ ಸೀಟಿನ ಕವರ್ ಇದಕ್ಕೆ ಸಾಕು. ಒದ್ದೆ ಟೈರಿಗೆ ಗಾಜಿನ ಚೂರು ಅಂಟಿಕೊಂಡು ಒಳಹೋಗುವುದು ಸುಲಭವಾದ್ದರಿಂದ ಚಕ್ರವನ್ನು ನಿಧಾನವಾಗಿ ತಿರುಗಿಸಿ ಮೇಲ್ಮೈ ನೋಡಬೇಕು, ಗಾಳಿಯನ್ನೂ ಪರೀಕ್ಷಿಸಬೇಕು. ಪಂಕ್ಚರ್ ಇಲ್ಲದೆಯೂ ಗಾಳಿ ಇಳಿಯುತ್ತಿದ್ದರೆ ಮಾಮಾಚಾರಿಯ ವಾಲ್ವಿನೊಳಗಿನ ಪುಟ್ಟ ರಬ್ಬರ್ ಕೊಳವೆ ಹಳತಾಗಿರುತ್ತದೆ. ಜಪಾನಿನ ಅಂಗಡಿಯಲ್ಲಿ ಅದನ್ನು ‘ಮುಶಿಗೊಮು’ ಎಂದು ಕೇಳಬೇಕು. ನಮ್ಮೂರಿನ ಸೈಕಲ್ ಶಾಪುಗಳಲ್ಲಿ ವಾಲ್‌ಟ್ಯೂಬ್ ಎಂದು ಕೊಡುತ್ತಿದ್ದುದೂ ಅದೇ ವಸ್ತು.